ಇರುವೆಗಳಲ್ಲಿ ಮರಿಗಳ್ಳತನ

ಇರುವೆಯನ್ನು ನಾವು ಶ್ರಮಕ್ಕೂ ಶಿಸ್ತಿಗೂ ಮಾದರಿಯೆಂದು ಭಾವಿಸುತ್ತೇವೆ. ಆದರೆ ಅನ್ಯ ಗೂಡುಗಳಿಗೆ ನುಗ್ಗಿ, ಅಲ್ಲಿನ ಮರಿಗಳನ್ನು ಅಪಹರಿಸಿ, ಅವು ಬೆಳೆದ ಮೇಲೆ ತಮ್ಮ ಗೂಡಿನ ಕೆಲಸ ಮಾಡಿಸಿಕೊಳ್ಳುವ ಇರುವೆಗಳೂ ಉಂಟು. ಯೂರೋಪಿನ ಪಾಲಿಯೆರ್ಗಸ್ ಇರುವೆಗಳ ಇಂತಹ ದಾಳಿಯನ್ನು ಜಿನೀವಾದ ಪಿಯೆರ್ ಹ್ಯೂಬರ್ 1804ರಲ್ಲಿ ಕಣ್ಣಾರೆ ಕಂಡು ವರ್ಣಿಸಿದನು. ಇವುಗಳ ದವಡೆ ಕುಡುಗೋಲಿನಂತೆ ಬಾಗಿದ್ದು ಕಾದಾಟಕ್ಕಷ್ಟೇ ಒದಗುತ್ತದೆ. ಆಹಾರ ಎದುರಿಗಿದ್ದರೂ ಆಳುಗಳು ಉಣಿಸದಿದ್ದರೆ ಇವು ಬದುಕಲಾರವು.

ದಕ್ಷಿಣ ಭಾರತವೂ ಸೇರಿದಂತೆ ನಮ್ಮ ದೇಶದಲ್ಲಿ ಕಂಡುಬರುವ ಡಯಕಾಮಾ ಇಂಡಿಕಮ್ ಎಂಬ ಕಪ್ಪು ಇರುವೆಗೆ ಅಂತಹ ಆಯುಧವಿಲ್ಲ, ಪರಾವಲಂಬನೆಯೂ ಇಲ್ಲ. ಇದರಲ್ಲಿ ರಾಣಿಯೆಂಬ ಪ್ರತ್ಯೇಕ ವರ್ಗವೇ ಇಲ್ಲ. ಕೆಲಸಗಾರ ಇರುವೆಗಳಲ್ಲೊಂದು ಮೊಟ್ಟೆಯಿಡುತ್ತದೆ. ಆದರೂ ಸಮಯ ಸಿಕ್ಕರೆ ಇದು ಕಳ್ಳತನಕ್ಕಿಳಿಯುತ್ತದೆ. ಕೋಲ್ಕತ್ತಾದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಸುಮನಾ ಅಣ್ಣಗಿರಿ ಹಾಗೂ ಅವರ ಸಹೋದ್ಯೋಗಿಗಳು ಈ ಸಂಗತಿಯನ್ನು 2016ರಲ್ಲಿ ಪ್ರಕಟಿಸಿದರು.

ಆ ಸಮಯವೆಂದರೆ ನೆರೆಯ ಗೂಡಿನವರು ಮನೆ ಬದಲಿಸುವ ಹೊತ್ತು. ಗೂಡು ಹಾಳಾದಾಗ ಈ ಇರುವೆಗಳು ಹೊಸ ನೆಲೆಗೆ ಸಾಗುತ್ತವೆ. ದಾರಿ ಬಲ್ಲ ಇರುವೆ ಮುಂದೆ ನಡೆದರೆ, ಇನ್ನೊಂದು ತನ್ನ ಮೀಸೆಗಳಿಂದ ಅದರ ಮೈಯನ್ನು ಮುಟ್ಟುತ್ತಾ ಹಿಂಬಾಲಿಸುತ್ತದೆ. ಹೀಗೆ ಒಂದೊಂದನ್ನೇ ಕರೆದೊಯ್ಯುವುದರಿಂದ ಕೆಲಸ ನಿಧಾನ. ಅಷ್ಟರಲ್ಲಿ ಹಳೆಯ ಗೂಡಿನ ಕಾವಲು ಸಡಿಲಗೊಂಡು, ಅದೇ ಜಾತಿಯ ನೆರೆಗೂಡಿನ ಕೆಲವೇ ಇರುವೆಗಳು ಬಂದು ಮರಿಗಳನ್ನು ಕಚ್ಚಿಕೊಂಡು ಹೋಗುತ್ತವೆ. ಒಟ್ಟು ಮರಿಗಳ ಪೈಕಿ ಸುಮಾರು ಶೇಕಡಾ 12ರಷ್ಟು ಕಳವಾದುದು ಅಧ್ಯಯನದಲ್ಲಿ ಕಂಡುಬಂದಿತು.

ಕಳ್ಳರ ಆಯ್ಕೆ ಮುಖ್ಯವಾಗಿ ಕೋಶಾವಸ್ಥೆಯ ಮರಿಗಳು. (ಜನರು ಇರುವೆಯ ಮೊಟ್ಟೆಯೆಂದು ತೋರಿಸುವ ಉದ್ದನೆಯ ಕಾಳಿನಂತಹ ವಸ್ತು ಅನೇಕ ವೇಳೆ ಈ ಕೋಶವೇ.) ಮರಿಹುಳುವಿಗೆ ಉಣಿಸಬೇಕು, ಮೊಟ್ಟೆಗೆ ಬಹುದಿನ ಕಾಯಬೇಕು, ಕೋಶಕ್ಕಾದರೋ ಆ ವೆಚ್ಚವನ್ನೆಲ್ಲ ಹೆತ್ತ ಗೂಡೇ ಮಾಡಿ ಮುಗಿಸಿರುತ್ತದೆ. ಅದರಿಂದ ಹೊರಬಂದ ಇರುವೆ ಕಳ್ಳರ ಗೂಡಿನಲ್ಲಿಯೇ ಕೆಲಸಗಾರನಾಗುತ್ತದೆ. ಇರುವೆಗಳು ತಮ್ಮವರನ್ನು ಗುರುತಿಸುವುದು ಮೈಮೇಲಿನ ವಾಸನೆಯಿಂದ. ಹೊಸದಾಗಿ ಹುಟ್ಟಿದ ಇರುವೆ ಸಾಮಾನ್ಯವಾಗಿ ತನ್ನ ಸುತ್ತಲಿನ ವಾಸನೆಯನ್ನೇ ತನ್ನದೆಂದು ಕಲಿಯುತ್ತದೆ. ವಿಜ್ಞಾನಿಗಳು ಇವುಗಳನ್ನು ಗುಲಾಮರೆನ್ನುತ್ತಾರೆ. ಮನುಷ್ಯರ ಇತಿಹಾಸದಿಂದ ಬಂದ ಆ ಪದ ಇಲ್ಲಿ ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಇಲ್ಲಿ ಸಂಕೋಲೆಯೂ ಇಲ್ಲ, ಬಲಾತ್ಕಾರವೂ ಇಲ್ಲ.

ಈ ಪ್ರವೃತ್ತಿಯ ಮೂಲವೇನು? ಆಹಾರಕ್ಕೆಂದು ತಂದಿಟ್ಟ ಅನ್ಯಜಾತಿಯ ಕೋಶಗಳಲ್ಲಿ ಕೆಲವು ಆಕಸ್ಮಿಕವಾಗಿ ಬೆಳೆದು ಕೆಲಸಕ್ಕೆ ತೊಡಗಿರಬಹುದೆಂದು 1859ರಲ್ಲಿ ಡಾರ್ವಿನ್ ಊಹಿಸಿದ್ದನು. ಡಯಕಾಮಾ ಕದ್ದು ತಂದ ಮರಿಗಳನ್ನು ತಿನ್ನುವುದಿಲ್ಲ, ಸಾಕುತ್ತದೆ; ಕದಿಯುವುದೂ ಸ್ವಜಾತಿಯ ಗೂಡಿನಿಂದಲೇ. ಇದೇ ಮಟ್ಟದ ಸರಳ ಸಮಾಜಜೀವನವುಳ್ಳ ಇತರ ಇರುವೆಗಳನ್ನೂ ಪರೀಕ್ಷಿಸಿದರೆ ಮರಿಗಳ್ಳತನದ ಆರಂಭ ತಿಳಿಯಬಹುದೆಂಬುದು ಸಂಶೋಧಕರ ಅಭಿಪ್ರಾಯ.