ಹೆಗಲಿಗೆ ಹೊಂದುವ ಜೋಡುನಳಿಗೆ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಬಂದೂಕಿನ ಮಾತು ಬರುವುದು ಹೆಚ್ಚಾಗಿ ತೊಗರಿ ಹೊಲದ ಬದುವಿನ ಮೇಲೆಯೇ. ಚಿಗರಿ (ಕೃಷ್ಣಮೃಗ) ಹಿಂಡೋ ಕಾಡುಹಂದಿಯೋ ನುಗ್ಗಿ ಬೆಳೆ ಹಾಳಾದಾಗ ರೈತನಿಗೆ ಬಂದೂಕಿನ ನೆನಪಾಗುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೋಜಿನ ಬೇಟೆಗೆ ತೆರೆ ಎಳೆದಿದೆ. ಚಿಗರಿಗಂತೂ ಮೊದಲನೇ ಅನುಸೂಚಿಯ ರಕ್ಷಣೆಯಿದೆ. ಹಾಗಾದರೆ ಜೋಡುನಳಿಗೆ ಬಂದೂಕಿಗೆ ಇನ್ನೇನು ಕೆಲಸ?

ಉತ್ತರ ಕೊಡಗಿನಲ್ಲಿದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬಕ್ಕೆ ಅಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ; ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಶಸ್ತ್ರಾಸ್ತ್ರ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೇಟೆ ನಿಂತರೂ ಗುರಿಯ ಆಟ ಕೋವಿಯನ್ನು ಉಳಿಸಿಕೊಂಡಿದೆ.

ಅಂಥ ಆಟಕ್ಕೆ ಒದಗುವ ಒಳ್ಳೆಯ 12 ಬೋರ್ ಜೋಡುನಳಿಗೆ ಮೂರು ಕಿಲೋ ಆಸುಪಾಸು ತೂಗುತ್ತದೆ. ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡು ಮಾಡಿದರೆ, ಅದರಲ್ಲೊಂದು ಹಿಡಿಸುವಷ್ಟು ಅಗಲ ಅದರ ನಳಿಗೆಗೆ: ಸುಮಾರು 18.5 ಮಿ.ಮೀ. ಸಾಮಾನ್ಯವಾಗಿ ಬಲ ನಳಿಗೆಯ ಬಾಯಿ ಸಡಿಲ, ಎಡದ್ದು ಬಿಗಿ. ಸಡಿಲ ಬಾಯಿ ಚರೆಯನ್ನು, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳನ್ನು, ಹತ್ತಿರದಲ್ಲೇ ಹರಡುತ್ತದೆ, ಬಿಗಿ ಬಾಯಿ ದೂರದವರೆಗೂ ಒತ್ತಾಗಿ ಒಯ್ಯುತ್ತದೆ. ಎರಡು ಟ್ರಿಗರ್ ಇದ್ದರೆ ಬೆರಳು ಸರಿಸಿದಷ್ಟರಲ್ಲಿ ಬೇಕಾದ ನಳಿಗೆ ಸಿಗುತ್ತದೆ.

ಹಗುರ ಬಂದೂಕು ಬೇಗ ತಿರುಗುತ್ತದೆ, ಆದರೆ ಹೆಗಲಿಗೆ ಜೋರಾಗಿ ಒದೆಯುತ್ತದೆ. ಅದಕ್ಕೆ ಮದ್ದು, ಹಗುರ ತೋಟಾ. ಹಾರುವ ಬಿಲ್ಲೆಗೆ ಗುರಿಯಿಡುವ ಒಲಿಂಪಿಕ್ಸ್‌ನ ಕ್ಲೇ ಸ್ಪರ್ಧೆಗಳಲ್ಲೂ ತೋಟಾದೊಳಗಿನ ಚರೆ 24 ಗ್ರಾಂ ಮೀರುವಂತಿಲ್ಲ; ಆ ಬಿಲ್ಲೆಯ ಅಗಲ ಬರೀ 11 ಸೆಂ.ಮೀ.

ಇನ್ನು ಅಳತೆ. ಮೊದಲು ಬಂದೂಕು ಬಿಚ್ಚಿ, ಎರಡೂ ನಳಿಗೆ ಖಾಲಿಯಿದೆಯೆಂದು ಕಣ್ಣಾರೆ ನೋಡಿ ಮುಚ್ಚಬೇಕು. ಸುರಕ್ಷಿತ ದಿಕ್ಕಿಗೆ ಮುಖ ಮಾಡಿ, ಕಣ್ಣು ಮುಚ್ಚಿ ಬಂದೂಕನ್ನು ಹೆಗಲಿಗೇರಿಸಿ, ಕೆನ್ನೆಯನ್ನು ಹಿಡಿಯ ಮರಕ್ಕೆ ತಾಗಿಸಿ ಕಣ್ಣು ತೆರೆಯಬೇಕು. ನಳಿಗೆಗಳ ನಡುವಿನ ಪಟ್ಟಿಯ ತುದಿಯ ಮಣಿ ನೇರ ಎದುರಿಗಿದ್ದರೆ ಬಂದೂಕು ನಿಮ್ಮದು. ಪಟ್ಟಿಯೇ ಕಾಣದೆ ಮರೆಯಾದರೆ ಹಿಡಿಯ ಮರ ತೀರಾ ಇಳಿಜಾರು. ಉದ್ದ ಸಾಲದಿದ್ದರೆ ರಬ್ಬರ್ ಪಟ್ಟಿ ಸೇರಿಸಬಹುದು, ಹೆಚ್ಚಾದರೆ ಮರ ಕೊಯ್ಯಿಸಬಹುದು. ಇದನ್ನೆಲ್ಲ ಪರವಾನಗಿ ಪಡೆದ ಬಂದೂಕು ರಿಪೇರಿಯವರ ಕೈಯಲ್ಲೇ ಮಾಡಿಸಬೇಕು. ನಳಿಗೆಯನ್ನು ಮಾತ್ರ ಮುಟ್ಟಬಾರದು: ಅದನ್ನು ಅನುಮತಿಯಿಲ್ಲದೆ ಮೊಟಕುಗೊಳಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

ಅಜ್ಜನ ಕಾಲದ ಜೋಡುನಳಿಗೆ ಮನೆಯಲ್ಲಿದ್ದರೆ ಪರವಾನಗಿ ಕಾಲಕಾಲಕ್ಕೆ ನವೀಕರಿಸಿ, ನಿಮ್ಮ ಹೆಗಲಿಗೆ ಹೊಂದಿಸಿಕೊಳ್ಳಿ, ಶೂಟಿಂಗ್ ಕ್ಲಬ್ಬಿನಲ್ಲಿ ಗುರಿ ಕಲಿಯಿರಿ. ಬೆಳೆ ಹಾನಿಯಾದರೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಚಿಗರಿಯ ಕಡೆಗೆ ಮಾತ್ರ ನಳಿಗೆ ತಿರುಗಿಸಬೇಡಿ.