ದೂಳಿಗೂ ಹೊಣೆಗಾರರುಂಟು

ಮರುಭೂಮಿ ಎಂದಮೇಲೆ ದೂಳು ಇದ್ದದ್ದೇ, ಅದಕ್ಕೆ ಯಾರನ್ನು ದೂರುವುದು ಎಂದು ನಾವು ಸುಮ್ಮನಾಗಿಬಿಡುತ್ತೇವೆ. ಅಮೆರಿಕದ ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆ ಹಾಗೆ ಸುಮ್ಮನಾಗಲಿಲ್ಲ. ದೂಳಿನ ಮೂಲ ಹುಡುಕಿ, ಅದಕ್ಕೆ ಕಾರಣವಾದ ಮಹಾನಗರದಿಂದಲೇ ಅದನ್ನು ಅಡಗಿಸಿತು. ಅದಕ್ಕೆ ಹಿಡಿದ ಕಾಲ ಮಾತ್ರ ಮುಕ್ಕಾಲು ಶತಮಾನಕ್ಕೂ ಹೆಚ್ಚು.

ಸಿಯೆರಾ ನೆವಾಡಾ ಪರ್ವತಸಾಲು ಮಳೆಮೋಡಗಳನ್ನು ಪಶ್ಚಿಮಕ್ಕೇ ತಡೆಯುವುದರಿಂದ ಅದರ ಪೂರ್ವದ ಕಣಿವೆ ಒಣಭೂಮಿ. ಆದರೂ ಬೆಟ್ಟದ ಹಿಮ ಕರಗಿ ಓವೆನ್ಸ್ ನದಿಯಾಗಿ ಹರಿದು, ಸುಮಾರು 280 ಚದರ ಕಿಲೋಮೀಟರಿನ ಸರೋವರವನ್ನು ತುಂಬುತ್ತಿತ್ತು. ಇಲ್ಲಿನ ಮೂಲನಿವಾಸಿ ಪೈಯೂಟ್ ಜನರಿಗೆ ಅದು ‘ಪಾಟ್ಸಿಯಾಟಾ’. 1870ರ ದಶಕದಲ್ಲಿ ಸೆರೊ ಗೋರ್ಡೊ ಗಣಿಯ ಬೆಳ್ಳಿಯನ್ನು ಹೊತ್ತ ಉಗಿದೋಣಿಗಳು ಈ ನೀರಿನ ಮೇಲೆ ಓಡಾಡುತ್ತಿದ್ದವು.

1913ರ ನವೆಂಬರ್‌ನಲ್ಲಿ ಎಲ್ಲವೂ ಬದಲಾಯಿತು. ಎಂಜಿನಿಯರ್ ವಿಲಿಯಂ ಮುಲ್‌ಹಾಲಂಡ್ ನೇತೃತ್ವದಲ್ಲಿ ಕಟ್ಟಿದ ಕಾಲುವೆ, ಪಂಪಿನ ಹಂಗಿಲ್ಲದೆ ಬರೀ ಇಳಿಜಾರಿನ ಬಲದಿಂದ ಓವೆನ್ಸ್ ನದಿಯನ್ನು ಸುಮಾರು 375 ಕಿಲೋಮೀಟರ್ ದೂರದ ಲಾಸ್ ಏಂಜಲಿಸ್‌ಗೆ ಒಯ್ದಿತು. ನಗರ ಬೆಳೆಯಿತು, ಕಣಿವೆಯ ಹೊಲಗಳು ಒಣಗಿದವು. 1924ರಲ್ಲಿ ಸಿಟ್ಟಿಗೆದ್ದ ಸ್ಥಳೀಯರು ಕಾಲುವೆಗೆ ಡೈನಮೈಟ್ ಇಟ್ಟು ಸ್ಫೋಟಿಸಿದರು. ಆದರೂ ನೀರು ತಿರುಗಿ ಬರಲಿಲ್ಲ. 1926ರ ವೇಳೆಗೆ ಸರೋವರ ಬಹುತೇಕ ಬತ್ತಿಹೋಗಿತ್ತು.

ಬತ್ತಿದ ತಳವೇ ದೂಳಿನ ಕಣಜವಾಯಿತು. ಚಳಿಗಾಲದಲ್ಲಿ ನೆಲದಡಿಯ ಉಪ್ಪುನೀರು ಮೇಲೆ ಒಸರಿ, ಸೋಡಿಯಂ ಲವಣಗಳು ಹರಳುಗಟ್ಟಿ ಉಬ್ಬುತ್ತವೆ. ಆಗ ಗಟ್ಟಿ ನೆಲ ಕರಿದ ಹಪ್ಪಳದಂತೆ ಮುಟ್ಟಿದರೆ ಪುಡಿಯಾಗುತ್ತದೆ. ಗಾಳಿ ಬೀಸಿದಾಗ ಮೊದಲು ಹಾರುವುದು ಮರಳಿನ ಕಾಳು. ಅದು ನೆಲದ ಮೇಲೆ ಕುಪ್ಪಳಿಸುತ್ತ ಆ ಪದರವನ್ನು ಒಡೆಯುತ್ತದೆ. ಒಡೆದ ಜಾಗದಿಂದ ಏಳುವ ಬಿಳಿ ಹುಡಿಯಲ್ಲಿ ಆರ್ಸೆನಿಕ್, ಕ್ಯಾಡ್ಮಿಯಂ ಕೂಡ ಇರುತ್ತವೆ. ಹತ್ತು ಮೈಕ್ರಾನ್‌ಗಿಂತ ಸಣ್ಣ ಕಣಗಳಿಗೆ, ಅಂದರೆ ತಲೆಗೂದಲಿನ ದಪ್ಪದ ಏಳನೇ ಒಂದರಷ್ಟಿರುವ ಪಿಎಂ10 ಕಣಗಳಿಗೆ, ಮೂಗು ತಡೆಯಾಗುವುದಿಲ್ಲ. ಅವು ಸೀದಾ ಶ್ವಾಸಕೋಶಕ್ಕೆ ಇಳಿಯುತ್ತವೆ. ಸರೋವರದಂಚಿನ ಕೀಲರ್ ಎಂಬ ಪುಟ್ಟ ಊರಿನವರು ಉಸಿರಾಡಿದ್ದು ಈ ಗಾಳಿಯನ್ನೇ.

1987ರಲ್ಲಿ ಅಮೆರಿಕ ಪಿಎಂ10ಕ್ಕೆ ಮಿತಿ ಗೊತ್ತುಮಾಡಿತು: ದಿನದ ಸರಾಸರಿ ಘನ ಮೀಟರಿಗೆ 150 ಮೈಕ್ರೋಗ್ರಾಂ. (ಭಾರತದಲ್ಲಿ ಇದು 100.) ಓವೆನ್ಸ್ ತಳದಲ್ಲಿ ಕೆಟ್ಟ ದಿನಗಳ ಲೆಕ್ಕ ಈ ಮಿತಿಯ ಹತ್ತಾರು ಪಟ್ಟು ದಾಟುತ್ತಿತ್ತು. ಇಡೀ ದೇಶದಲ್ಲೇ ಪಿಎಂ10 ಹೊಮ್ಮಿಸುವ ಅತಿದೊಡ್ಡ ಏಕೈಕ ತಾಣ ಎಂಬ ಹೆಸರು ಈ ಸರೋವರಕ್ಕೆ ಅಂಟಿತು.

ದೂಳಿಗೆ ನಗರವೇ ಕಾರಣ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಗೊತ್ತಿರುವುದು ಬೇರೆ, ರುಜುವಾತು ಮಾಡುವುದು ಬೇರೆ. ನೀರು ಒಯ್ದದ್ದರಿಂದ ಗಾಳಿ ಕೆಟ್ಟರೆ ಪರಿಹಾರ ಕ್ರಮಗಳನ್ನು ನಗರವೇ ಕೈಗೊಳ್ಳಬೇಕೆಂದು ಆದೇಶಿಸುವ ಅಧಿಕಾರವನ್ನು 1983ರ ರಾಜ್ಯ ಕಾನೂನು ಸ್ಥಳೀಯ ಪ್ರಾಧಿಕಾರವಾದ ‘ಗ್ರೇಟ್ ಬೇಸಿನ್’ ವಾಯುಮಾಲಿನ್ಯ ನಿಯಂತ್ರಣ ಜಿಲ್ಲೆಗೆ ಕೊಟ್ಟಿತ್ತು. ಪ್ರಾಧಿಕಾರದವರು ತಳದುದ್ದಕ್ಕೂ ಉಪಕರಣ ನೆಟ್ಟರು. ನೆಲಕ್ಕೆ ಗೇಣು ಎತ್ತರದಲ್ಲಿರುವ ಸಂವೇದಕ ತನಗೆ ಬಡಿಯುವ ಮರಳಿನ ಕಾಳುಗಳನ್ನು ಎಣಿಸುತ್ತದೆ. ಪಕ್ಕದ ಕೊಳವೆ ಹಾರುವ ಮರಳನ್ನು ಹಿಡಿದಿಡುತ್ತದೆ. ಕ್ಯಾಮೆರಾಗಳು ದೂಳು ಎದ್ದ ಜಾಗವನ್ನು ಗುರುತಿಸುತ್ತವೆ. ಯಾವ ಗಂಟೆಯಲ್ಲಿ, ತಳದ ಯಾವ ತುಂಡಿನಿಂದ ದೂಳು ಎದ್ದಿತು ಎಂಬುದು ನಕ್ಷೆಯ ಮೇಲೆ ಮೂಡಿದಾಗ, ‘ಇದು ನಿಸರ್ಗದ ಆಟ’ ಎಂಬ ವಾದಕ್ಕೆ ಎಡೆ ಉಳಿಯಲಿಲ್ಲ.

1998ರಲ್ಲಿ ಒಪ್ಪಂದವಾಯಿತು. 2001ರ ಕೊನೆಗೆ ತಳದ ಮೇಲೆ ಮತ್ತೆ ನೀರು ಹರಡಿತು. ಕೆಲವೇ ಅಂಗುಲ ಆಳದ ನೀರು, ಉಪ್ಪು ತಾಳುವ ಹುಲ್ಲು, ಜಲ್ಲಿಯ ಹೊದಿಕೆ ಇವು ಮುಖ್ಯ ಉಪಾಯಗಳು. ನೀರು ಉಳಿಸಲು ಕೆಲವೆಡೆ ಆಳವಾಗಿ ಉತ್ತು, ಏರುತಗ್ಗಿನ ಸಾಲು ಎಬ್ಬಿಸಿ ಗಾಳಿಯ ಬಿರುಸನ್ನು ಮುರಿಯುತ್ತಾರೆ. ನಗರ ಇದಕ್ಕೆ 200 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿದೆ. ದೂಳಿನ ಬಹುಪಾಲು ಅಡಗಿದೆ. ತೆಳುನೀರಿನಲ್ಲಿ ಉಪ್ಪುನೊಣಗಳು ಹೆಚ್ಚಿ, ಅವನ್ನು ತಿನ್ನಲು ವಲಸೆ ಹಕ್ಕಿಗಳು ಸಾವಿರಗಟ್ಟಲೆ ಇಳಿಯುತ್ತವೆ. ದೂಳಿಗಾಗಿ ಹಾಯಿಸಿದ ನೀರು ಹಕ್ಕಿಗಳ ನೆಲೆಯೂ ಆಯಿತು.

ಆದರೆ ಇದು ಸರೋವರದ ಮರುಹುಟ್ಟಲ್ಲ. ಕೊಳವೆ, ಕವಾಟ, ಏರಿಗಳನ್ನು ನಗರ ಸದಾಕಾಲ ನೋಡಿಕೊಳ್ಳುತ್ತಲೇ ಇರಬೇಕು. ಪೈಯೂಟರ ಹಳೆಯ ನೆಲೆಗಳ ಕುರುಹು ಹುದುಗಿರುವ ಜಾಗಗಳಲ್ಲಿ ಯಂತ್ರ ಓಡಿಸುವುದೂ ಮತ್ತೊಂದು ಗಾಯವೇ.

ಹತ್ತಿ ಬೆಳೆಗೆ ನದಿಗಳನ್ನು ತಿರುಗಿಸಿ ಒಣಗಿಸಿದ ಅರಲ್ ಸಮುದ್ರದಿಂದ, ಇರಾನಿನ ಉರ್ಮಿಯಾದಿಂದ, ಯೂಟಾದ ಗ್ರೇಟ್ ಸಾಲ್ಟ್ ಲೇಕ್‌ನಿಂದ ಇಂದು ಇಂಥದೇ ಉಪ್ಪುದೂಳು ಏಳುತ್ತಿದೆ. ಓವೆನ್ಸ್ ಕಲಿಸುವ ಪಾಠ ಅವೆಲ್ಲಕ್ಕೂ ಸಲ್ಲುತ್ತದೆ: ನೀರಿನ ಲೆಕ್ಕದ ಜೊತೆಗೇ ಗಾಳಿಯ ಲೆಕ್ಕವನ್ನೂ ಇಡಬೇಕು. ಕೆರೆಯಲ್ಲಿ ನೀರು ಉಳಿಸುವ ಖರ್ಚು, ಬತ್ತಿದ ಮೇಲೆ ದೂಳು ಅಡಗಿಸುವ ಖರ್ಚು, ಎರಡನ್ನೂ ನದಿ ತಿರುಗಿಸುವ ಮೊದಲೇ ಅಕ್ಕಪಕ್ಕ ಬರೆದು ನೋಡಬೇಕು. ಬೇರೆಯವರ ಪಾಲಿನ ನೀರು ಕುಡಿದ ಊರು ಅವರ ಉಸಿರಿನ ಸಾಲವನ್ನೂ ತೀರಿಸಬೇಕು.