ಶಿಖರ ಬಿಡಿ, ಬುಡ ಎಲ್ಲಿದೆ ಹೇಳಿ

‘ಮಾವ, ಕುಮಾರ ಪರ್ವತ ಬರೀ 1712 ಮೀಟರ್. ನಾನು 1930 ಹತ್ತಿ ಬಂದವನು’ ಅಂದ ಅಕ್ಕನ ಮಗ. ಮುಳ್ಳಯ್ಯನಗಿರಿಯ ತುದಿಯಲ್ಲಿ ಮಂಜಿನ ನಡುವೆ ಕೈಚಾಚಿ ನಿಂತ ಅವನ ಫೋಟೊ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂ ಬಿಸಿಯಾಗಿತ್ತು. ರಾಜ್ಯದ ಅತಿ ಎತ್ತರದ ಶಿಖರ ಅದು, ಸುಳ್ಳಲ್ಲ. ಆದರೆ ವಾಹನ ಅವನನ್ನು ತುದಿಯ ಹತ್ತಿರಕ್ಕೇ ಒಯ್ದಿತ್ತು. ಅಲ್ಲಿಂದ ಹತ್ತಿದ್ದು ನಾಲ್ಕೈದು ನೂರು ಮೆಟ್ಟಿಲು. ಉಳಿದ ಎತ್ತರವನ್ನೆಲ್ಲ ಡೀಸೆಲ್ ಏರಿತ್ತು.

ಚಾರಣಕ್ಕೆ ಬೆಟ್ಟ ಆರಿಸುವಾಗ ಬಹುತೇಕರು ಎಡವುವುದು ಇಲ್ಲೇ. ಶಿಖರದ ಎತ್ತರ ಸಮುದ್ರಮಟ್ಟದ ಲೆಕ್ಕ, ಕಾಲಿನ ಲೆಕ್ಕ ಬೇರೆ. ಚಾರಣಿಗರ ಬಾಯಲ್ಲಿ ‘ಕೆಪಿ’ ಆಗಿರುವ ಕುಮಾರ ಪರ್ವತದ ಹಾದಿ ಶುರುವಾಗುವ ಕುಕ್ಕೆ ಸುಬ್ರಹ್ಮಣ್ಯ ಸಮುದ್ರಮಟ್ಟದಿಂದ ನೂರು, ನೂರೈವತ್ತು ಮೀಟರ್ ಮೇಲಿರಬಹುದು, ಅಷ್ಟೇ. ಅಂದರೆ ಸಾವಿರದ ಐನೂರು ಮೀಟರಿಗೂ ಹೆಚ್ಚು ಎತ್ತರವನ್ನು ಕಾಲೇ ಏರಬೇಕು.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಒಂದು ಲೆಕ್ಕವಿದೆ. ಅದರ ಪ್ರಕಾರ ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಏರುವ ಪ್ರತಿ ಆರುನೂರು ಮೀಟರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ತುದಿಗೆ ಹನ್ನೆರಡು–ಹದಿಮೂರು ಕಿಲೋಮೀಟರ್. ಕೂಡಿಸಿದರೆ ಐದು ಗಂಟೆ ದಾಟುತ್ತದೆ, ಒಂದು ಗುಟುಕು ನೀರಿಗೂ ನಿಲ್ಲದಿದ್ದರೆ! ನಮ್ಮ ಸೆಕೆ, ಬೆನ್ನಿನ ಚೀಲ, ಸೆಲ್ಫಿ ಎಲ್ಲ ಸೇರಿಸಿ ನಾನು ಅದಕ್ಕೆ ಅರ್ಧದಷ್ಟು ಮೇಲೆ ಹಾಕುತ್ತೇನೆ.

ಹುಡುಗನಿಗೆ ಲೆಕ್ಕ ರುಚಿಸಲಿಲ್ಲ. ಸರಿ, ಹೊರಟೆವು. ಮೊದಲ ಐದಾರು ಕಿಲೋಮೀಟರ್ ದಟ್ಟ ಕಾಡು. ಬೇರುಗಳೇ ಮೆಟ್ಟಿಲಾಗಿ ಒಂದೇ ಸಮನೆ ಏರು. ಗಾಳಿ ಆಡುವುದಿಲ್ಲ, ಅಂಗಿ ಹಿಂಡಿದರೆ ನೀರು. ಗಿರಿಗದ್ದೆಯ ಭಟ್ಟರ ಮನೆ ತಲುಪುವಷ್ಟರಲ್ಲಿ ಅವನ ಮಾತು ನಿಂತಿತ್ತು. ಅನ್ನ, ಸಾಂಬಾರು, ಮಜ್ಜಿಗೆ. ಮೂರನೇ ಸಲ ಮಜ್ಜಿಗೆ ಬಡಿಸಿಕೊಂಡು ಕೇಳಿದ: ‘ಇನ್ನೇನು ಬಂತಲ್ಲ?’ ಅರ್ಧ ದಾರಿಯೂ ಆಗಿರಲಿಲ್ಲ. ಅಲ್ಲಿಂದಾಚೆ ಬೋಳು ಹುಲ್ಲುಗಾವಲು, ನೆರಳಿಗೊಂದು ಮರವಿಲ್ಲ. ಕಲ್ಲು ಮಂಟಪ ದಾಟಿ ಶೇಷಪರ್ವತ ಹತ್ತಿದ ಮೇಲೆ ಮತ್ತೆ ಕಾಡಿಗೆ ಇಳಿದು, ಬಂಡೆ ಏರಿದರೆ ಮಾತ್ರ ತುದಿ. ಏರಿದ್ದನ್ನು ಇಳಿದು ಮತ್ತೆ ಏರುವ ಆ ಜಾಗದಲ್ಲಿ ಗಟ್ಟಿಗರೂ ಬೈದುಕೊಳ್ಳುತ್ತಾರೆ. ನಾವು ಅಷ್ಟು ದೂರ ಹೋಗಲೇ ಇಲ್ಲ. ಕಲ್ಲು ಮಂಟಪದಲ್ಲಿ ಗಡಿಯಾರ ನೋಡಿ ಹಿಂದೆ ತಿರುಗಿದೆವು.

ಅದೇ ಬೆಟ್ಟವನ್ನು ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿದ್ದರೆ ಕತೆಯೇ ಬೇರೆ. ಅಲ್ಲಿ ಬುಡವೇ ಮೇಲಿದೆ, ದಾರಿಯೂ ಹೆಚ್ಚುಕಡಿಮೆ ಅರ್ಧ.

ಮೊದಲ ಸಲ ಹೊರಡುವವರಿಗೆ ನಾನು ಹೇಳುವುದು ಕೊಡಗಿನ ತಡಿಯಂಡಮೋಳ್. 1748 ಮೀಟರ್, ಅಂದರೆ ಕುಮಾರ ಪರ್ವತಕ್ಕಿಂತ ಎತ್ತರ. ಆದರೆ ನಡಿಗೆ ಶುರುವಾಗುವ ನಾಲ್ಕುನಾಡು ಅರಮನೆಯೇ ಬೆಟ್ಟದ ಮಡಿಲಲ್ಲಿದೆ. ಬಹುಪಾಲು ದಾರಿ ಜೀಪು ಓಡಾಡಿದ ಅಗಲದ್ದು, ಕೊನೆಯ ತುಣುಕು ಮಾತ್ರ ಎದೆಗೆ ಬರುವ ಏರು. ಕಾಲು ಸೋತರೆ ನಡುವೆ ಎಲ್ಲಿಂದ ಬೇಕಾದರೂ ವಾಪಸು ಬರಬಹುದು. ಹೊಸಬರ ಹಾದಿಗೆ ಇರಬೇಕಾದ ಗುಣ ಅದೇ.

ಕುದುರೆಮುಖದ ಪರೀಕ್ಷೆ ಇನ್ನೊಂದು ಬಗೆಯದು. ಮುಳ್ಳೋಡಿಯಿಂದ ಹೋಗಿ ಬರಲು ಇಪ್ಪತ್ತು ಕಿಲೋಮೀಟರಿನಷ್ಟು. ಏರು ದಾರಿಯುದ್ದಕ್ಕೂ ಹಂಚಿಹೋಗಿರುವುದರಿಂದ ಉಸಿರು ಕಟ್ಟುವುದಿಲ್ಲ, ಆದರೆ ರಾಷ್ಟ್ರೀಯ ಉದ್ಯಾನದೊಳಗೆ ತಂಗುವಂತಿಲ್ಲ, ಕತ್ತಲಾಗುವ ಮೊದಲು ಹೊರಗೆ ಬರಬೇಕು. ದಿನವಿಡೀ ನಡೆದು ಅಭ್ಯಾಸವಿದ್ದವರಿಗೆ ಸರಿ. ಮಳೆಗಾಲದಲ್ಲಿ ದಾಟುವ ಹಳ್ಳಗಳು ತುಂಬಿದರೆ ಲೆಕ್ಕವೆಲ್ಲ ತಲೆಕೆಳಗು. ಇಂಬಳದ ಕಾಟ ಬೇರೆ.

ಮಾಗಡಿ ಬಳಿಯ ಸಾವನದುರ್ಗವನ್ನು ಯಾವ ಗುಂಪಿಗೆ ಸೇರಿಸಬೇಕೋ ನನಗಿನ್ನೂ ಗೊತ್ತಾಗಿಲ್ಲ. 1226 ಮೀಟರ್, ಒಂದೆರಡು ಗಂಟೆಯ ದಾರಿ. ಕೇಳಿದರೆ ಮಕ್ಕಳಾಟ. ಆದರೆ ಇಡೀ ಬೆಟ್ಟ ಬೋಳುಬಂಡೆ. ಅಲ್ಲಿ ದಣಿಯುವುದು ಕಾಲಲ್ಲ, ಧೈರ್ಯ. ಒಣಗಿದ್ದಾಗ ಹಲ್ಲಿಯಂತೆ ಹತ್ತಬಹುದು. ನಾಲ್ಕು ಹನಿ ಬಿದ್ದು ಪಾಚಿ ನೆನೆದರೆ ಅನುಭವಿಗಳೂ ಕುಂಡೆಯೂರಿ ಇಳಿಯುತ್ತಾರೆ. ಎತ್ತರವೆಂದರೆ ತಲೆ ಸುತ್ತುವವರು ಒಳ್ಳೆಯ ಕಸುವಿದ್ದರೂ ಇದನ್ನು ಬಿಡುವುದೇ ಲೇಸು.

ಈಗ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬಂದಿದೆ. ಹಲವು ಹಾದಿಗಳಲ್ಲಿ ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿಯಿದೆ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಮುಚ್ಚುವುದೂ ಉಂಟು. ಟಿಕೆಟ್ ಸಿಕ್ಕ ಬೆಟ್ಟವೇ ನಮ್ಮ ಬೆಟ್ಟ ಎಂದು ಹೊರಡುವವರನ್ನು ನೋಡಿದರೆ ನನಗೆ ಪುಕುಪುಕು.

ಇಳಿಯುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹತ್ತುವಾಗ ಉಸಿರಿನ ಕೆಲಸ, ಇಳಿಯುವಾಗ ಮಂಡಿಯದು. ಪ್ರತಿ ಹೆಜ್ಜೆಗೂ ಮೈಭಾರ ತಡೆಯುವ ತೊಡೆಯ ಸ್ನಾಯುಗಳು ಸೋತರೆ ಕಾಲು ತಾನೇ ನಡುಗತೊಡಗುತ್ತದೆ. ಬೂಟು ಬಿಗಿಯಿಲ್ಲದಿದ್ದರೆ ಹೆಬ್ಬೆರಳು ಮುಂದೆ ಗುದ್ದಿ ಉಗುರು ಕಪ್ಪಾಗುತ್ತದೆ. ಹುಡುಗನ ಎರಡೂ ಉಗುರು ಹೋದವು. ಕೊನೆಯ ಎರಡು ಕಿಲೋಮೀಟರನ್ನು ಅವನು ಏಡಿಯಂತೆ ಅಡ್ಡಡ್ಡ ಇಳಿದ.

ಸಂಜೆ ಕುಕ್ಕೆಯ ಹೋಟೆಲೊಂದರ ಎದುರು ಮೂರು ಮೆಟ್ಟಿಲು. ಕಂಬ ಹಿಡಿದು, ಒಂದೊಂದಕ್ಕೂ ಎರಡೂ ಪಾದ ಊರಿ ಹತ್ತಿದ. ನೀರಿನ ಲೋಟ ತಂದಿಟ್ಟ ಮಾಣಿ ಅವನನ್ನು ಮೇಲಿಂದ ಕೆಳಗೆ ನೋಡಿ ನಕ್ಕ. ‘ಕೆಪಿಯಾ?’